ವಿಮರ್ಶೆಗೆ ಕೂರುವ ಮುನ್ನ

ಕೋಲಾರ

ಚಿ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ತತ್ತ್ವಶಾಸ್ತ್ರದ ಪತ್ರಿಕೆಯವರು ಜ್ಞಾನಮೀಮಾಂಸೆಯ (ಜ್ಞಾನವೆಂದರೇನು ಎಂದು ವಿಚಾರಿಸುವ ಶಾಸ್ತ್ರದ) ಹೊಸ ಪುಸ್ತಕವೊಂದನ್ನು ನಿನಗೆ ವಿಮರ್ಶೆಗೆ ಕೊಟ್ಟಿದ್ದಾರೆ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಸಂತೋಷವಾಯಿತು. ತುಮಕೂರಿನಿಂದ ಬೆಂಗಳೂರಿಗೆ ಓಡಾಡುವ ರೈಲಿನಲ್ಲೇ ಓದಿ ಮುಗಿಸುತ್ತೀಯಂತೆ. ಮೊದಲ ಓದಿಗೆ ರೈಲು ಸಾಕು. ಎರಡನೆಯದಕ್ಕೆ ಮೇಜು, ಪೆನ್ಸಿಲು, ನೋಟ್‌ಬುಕ್ಕು ಬೇಕೇ ಬೇಕು.

ಪೀಠಿಕೆ ಮತ್ತು ಕೊನೆಯ ಅಧ್ಯಾಯವನ್ನು ಮೊದಲು ಓದು. ಲೇಖಕರು ಏನನ್ನು ಸಾಧಿಸಲು ಹೊರಟಿದ್ದಾರೆ, ಯಾರ ವಿರುದ್ಧ ಎಂಬುದನ್ನು ನಿನ್ನದೇ ಮಾತಿನಲ್ಲಿ ಎರಡು ವಾಕ್ಯ ಬರೆ. ಆ ಎರಡು ವಾಕ್ಯ ಕೈಗೆ ಹತ್ತದಿದ್ದರೆ ಇನ್ನೊಮ್ಮೆ ಓದು. ಪ್ರತಿ ಟಿಪ್ಪಣಿಗೂ ಪುಟಸಂಖ್ಯೆ ಹಾಕಿಕೋ. ಪ್ರಕಾಶಕರು ಇ-ಪುಸ್ತಕ ಕಳಿಸಿದ್ದರೆ ಪಿಡಿಎಫ್ ಕೇಳಿ ಪಡೆ. ಇಪಬ್‌ನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಪುಟವೇ ಬದಲಾಗುತ್ತದೆ, ಉಲ್ಲೇಖಕ್ಕೆ ಬಾರದು.

ಹೊಸಬರು ಜಾರುವುದು ಒಂದೇ ಕಡೆ: 'ಮೊದಲ ಅಧ್ಯಾಯದಲ್ಲಿ ಇದಿದೆ, ಎರಡನೆಯದರಲ್ಲಿ ಅದಿದೆ' ಎಂದು ಪರಿವಿಡಿಯನ್ನೇ ಉದ್ದ ಮಾಡಿ ಬರೆಯುವುದು. 1500 ಪದ ಸಿಕ್ಕಿದೆಯಲ್ಲ, ಸುಮಾರು 500 ಪದ ಪುಸ್ತಕದ ವಾದಕ್ಕೆ ಕೊಡು. 700 ಪದದಲ್ಲಿ ವಾದದ ಒಂದೋ ಎರಡೋ ಜಾಗ ಹಿಡಿದು ಪರೀಕ್ಷಿಸು. ಉಳಿದದ್ದು ಪುಸ್ತಕ ಯಾರಿಗೆ, ಎಷ್ಟು ತಯಾರಿ ಇದ್ದರೆ ಓದಬಹುದು ಎಂಬುದಕ್ಕೆ. ಪೂರ್ವಪಕ್ಷವನ್ನು, ಅಂದರೆ ಎದುರಿನವರ ವಾದವನ್ನು, ಪೂರ್ತಿ ಮಂಡಿಸದೆ ಖಂಡನೆಗೆ ಇಳಿಯಬಾರದೆಂಬುದು ನಮ್ಮ ಶಾಸ್ತ್ರಗಳ ಕಟ್ಟಳೆ. ಲೇಖಕರೇ ಓದಿ 'ಹೌದು, ನಾನು ಹೇಳಿದ್ದು ಇದನ್ನೇ' ಅನ್ನಬೇಕು, ಆಮೇಲೆ ನಿನ್ನ ಆಕ್ಷೇಪ. ನಮ್ಮ ತರ್ಕಶಾಸ್ತ್ರದ ಮೂಲಗ್ರಂಥ ನ್ಯಾಯಸೂತ್ರ ಚರ್ಚೆಯಲ್ಲಿ ಮೂರು ಬಗೆ ಹೇಳುತ್ತದೆ: ಸತ್ಯ ತಿಳಿಯಲು ಮಾಡುವ ವಾದ, ಗೆಲ್ಲಲು ಮಾಡುವ ಜಲ್ಪ, ತನ್ನ ಪಕ್ಷವನ್ನೇ ಇಡದೆ ಬರೀ ಖಂಡಿಸುವ ವಿತಂಡ. ಗೆಲ್ಲಬೇಕೆಂದೇ ಬರೆದ ವಿಮರ್ಶೆಗಳೆಲ್ಲ ಜಲ್ಪದ ಲೆಕ್ಕಕ್ಕೇ ಸೇರುತ್ತವೆ.

ಪರೀಕ್ಷಿಸುವುದು ಹೇಗೆ ಅಂದರೆ, ನೋಡು. ಸಕಾರಣವಾದ ನಿಜ ನಂಬಿಕೆ ಇದ್ದಮಾತ್ರಕ್ಕೆ ಜ್ಞಾನವಾಗದು ಎಂದು ಅಮೆರಿಕದ ತತ್ತ್ವಜ್ಞಾನಿ ಎಡ್ಮಂಡ್ ಗೆಟಿಯರ್ 1963ರಲ್ಲಿ ಮೂರೇ ಪುಟದ ಲೇಖನದಲ್ಲಿ ತೋರಿಸಿದರು. ಆ ಮೊದಲು ಈ ಸಂದೇಹ ಯಾರಿಗೂ ಬಂದಿರಲಿಲ್ಲ ಎಂದು ಪುಸ್ತಕ ಹೇಳಿದೆ ಅನ್ನು. ಆಗ 12ನೇ ಶತಮಾನದ ದಾರ್ಶನಿಕ ಶ್ರೀಹರ್ಷನ ಖಂಡನಖಂಡಖಾದ್ಯ ಗ್ರಂಥ ತೆಗೆ. ಮುಚ್ಚಿದ ಮುಷ್ಟಿಯಲ್ಲಿ ಎಷ್ಟು ಕವಡೆ ಅಂದರೆ ಒಬ್ಬ ಸುಮ್ಮನೆ 'ಐದು' ಅನ್ನುತ್ತಾನೆ, ಐದೇ ಇರುತ್ತವೆ. ಮಾತು ನಿಜವಾಯಿತು, ಆದರೂ ಅದು ಜ್ಞಾನವಲ್ಲ. ಆದರೆ ಅವಸರದಲ್ಲಿ 'ಗೆಟಿಯರ್ ಹೇಳಿದ್ದೂ ಇದನ್ನೇ' ಎಂದು ಬರೆದುಬಿಡಬೇಡ. ಕವಡೆಯವನ ಹತ್ತಿರ ಕಾರಣವೇ ಇಲ್ಲ, ಬರೀ ಅದೃಷ್ಟ. ಮಂಜನ್ನು ಹೊಗೆಯೆಂದು ತಿಳಿದು ಬೆಂಕಿಯನ್ನು ಊಹಿಸಿದವನಿಗೆ, ಅಲ್ಲಿ ನಿಜಕ್ಕೂ ಬೆಂಕಿ ಇದ್ದರೆ, ಕಾರಣವಿದೆ, ಅದು ಹುಸಿ. ಗೆಟಿಯರ್‌ಗೆ ಹತ್ತಿರ ಬರುವುದು ಈ ಎರಡನೆಯ ಮಾದರಿ. ಇಷ್ಟನ್ನು ಬಿಡಿಸಿ ಬರೆದರೆ ಓದುಗನಿಗೂ ಲಾಭ, ಲೇಖಕರಿಗೂ ಲಾಭ.

ಅದೇ ಲೇಖಕರು ಪೀಠಿಕೆಯಲ್ಲೇ '1963ರ ನಂತರದ ಇಂಗ್ಲಿಷ್ ಚರ್ಚೆಯನ್ನಷ್ಟೇ ನೋಡುತ್ತೇನೆ' ಎಂದಿದ್ದರೆ ಶ್ರೀಹರ್ಷನನ್ನು ಬಿಟ್ಟರೆಂದು ಗದರಿಸುವುದು ಅನ್ಯಾಯ. ಒಂದು ಸಾಲಲ್ಲಿ ಸೂಚಿಸಿ ಮುಂದೆ ಹೋಗು. ಅವರು ಬರೆಯದ ಪುಸ್ತಕಕ್ಕೆ ವಿಮರ್ಶೆ ಬರೆಯುವವರು ಈಗಾಗಲೇ ಬೇಕಾದಷ್ಟಿದ್ದಾರೆ.

ವಾದದ ಭಾರ ಹೊತ್ತ ನಾಲ್ಕೈದು ಉದ್ಧರಣೆಗಳನ್ನು ಮೂಲದೊಡನೆ ತಾಳೆ ನೋಡು. ಅಚ್ಚಿನ ತಪ್ಪು ಎಣಿಸಬೇಡ, 'ಅಲ್ಲ' ಬಿಟ್ಟುಹೋಗಿ ಅರ್ಥವೇ ತಿರುಗಿದ್ದರೆ ಮಾತ್ರ ಹೇಳು. ಹಲವರ ಲೇಖನಗಳ ಸಂಪುಟವಾದರೆ ಮೂರು ನಾಲ್ಕನ್ನು ಆರಿಸಿಕೊಂಡು ಬರೆ, ಎಲ್ಲಕ್ಕೂ ಎರಡೆರಡು ಸಾಲು ಹಂಚಬೇಡ. ದೊಡ್ಡ ಹೆಸರಿನವರಿಗೆ ಮೆತ್ತಗೆ, ಮೊದಲ ಪುಸ್ತಕ ಬರೆದವರಿಗೆ ಖಾರವಾಗಿ ಬರೆಯುವ ಚಾಳಿ ಉಂಟು. ನೀನು ತಿರುವುಮುರುವು ಮಾಡಿದರೂ ನನಗೆ ಬೇಸರವಿಲ್ಲ.

ಲೇಖಕರು ನಿನ್ನ ಗೈಡೋ ಅವರ ಆಪ್ತರೋ ಆಗಿದ್ದರೆ ಸಂಪಾದಕರಿಗೆ ಈಗಲೇ ತಿಳಿಸು. ಮೂರು ತಿಂಗಳಲ್ಲಿ ಆಗದು ಅನಿಸಿದರೂ ಅಷ್ಟೇ, ಇದೇ ವಾರ ಹೇಳಿದರೆ ಪುಸ್ತಕ ಬೇರೆಯವರಿಗಾದರೂ ಹೋಗುತ್ತದೆ.

ಕರಡನ್ನು ವಾಟ್ಸಾಪ್‌ನಲ್ಲಿ ಹಾಕಬೇಡ, ನನ್ನ ಕಣ್ಣಿಗೆ ಆಗದು. ಸಾಲು ಬಿಟ್ಟು ಪ್ರಿಂಟ್ ತೆಗೆದು ಊರಿಗೆ ಬರುವಾಗ ತಾ. ಪುಸ್ತಕವನ್ನೂ ತಾ, ಪುಟಸಂಖ್ಯೆ ಕೂತು ತಾಳೆ ನೋಡೋಣ.

ಇತಿ,
ನಿನ್ನ ಸೋದರಮಾವ