ಸಹಿ ಬಿತ್ತು, ಇನ್ನು ಥ್ಯಾಂಕ್ಸ್ ಹೇಳೋದು ಬಾಕಿ

ಕೊನೆಗೂ ಒಪ್ಪಂದಕ್ಕೆ ಸಹಿ ಬಿತ್ತು. ಒಂದು ಕಡೆ ನಮ್ಮ ಸಂಘ, ಇನ್ನೊಂದು ಕಡೆ ನಮಗೆ ಸಂಬಳ ಕೊಡುವ ಏಜೆನ್ಸಿ, ನಡುವೆ ಕಾರ್ಮಿಕ ಅಧಿಕಾರಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನಮ್ಮ ಗುತ್ತಿಗೆ ನರ್ಸುಗಳ ಪರವಾಗಿ ಈ ನಾಲ್ಕು ಮಾತು. ಹಾರ ಹಾಕಿಸಿಕೊಂಡು ಫೋಟೋ ತೆಗೆಸಿಕೊಂಡವರು ನಾವು. ಬೆವರು ಸುರಿಸಿದವರು ಬಹಳ ಮಂದಿ ಇದ್ದಾರೆ.

ಮೊದಲು ನಮ್ಮ ಕಾಕಾ. ಲೆಕ್ಕಪತ್ರದ ಕೆಲಸದಲ್ಲಿದ್ದು ರಿಟೈರ್ ಆದವರು, ಹೆಸರು ಹಾಕಬೇಡ ಅಂದಿದ್ದಾರೆ. ಕೈಗೆ ಬರುವ ಸಂಬಳ ಕಡಿಮೆ ಅನ್ನೋದು ನಮಗೆಲ್ಲ ಗೊತ್ತಿತ್ತು. ಎಲ್ಲಿ ಸೋರುತ್ತಿದೆ ಅನ್ನೋದು ಗೊತ್ತಿರಲಿಲ್ಲ. ಅವರು ಒಂದು ಪೇ ಸ್ಲಿಪ್ ಇಸಿದುಕೊಂಡು, ಕಣ್ಣಿನ ಹತ್ತಿರ ಹಿಡಿದು ಓದಿ, ಕೆಂಪು ಪೆನ್ನಿನಿಂದ ಎರಡು ಕಡೆ ಸುತ್ತು ಹಾಕಿದರು. "ಪಿಎಫ್ ಎರಡು ಸಲ ಯಾಕ ಕಟ್ ಆಗೈತವ್ವಾ?" ಅಂದರು. ನೌಕರರ ಪಾಲು ಶೇ 12 ಸಂಬಳದಿಂದ ಹೋಗಬೇಕು, ಸರಿ. ಮಾಲೀಕರ ಪಾಲು ಅವರ ಜೇಬಿನಿಂದ ಬರಬೇಕು ಅಲ್ವಾ? ಅದೂ ನಮ್ಮ ತಲೆಗೇ ಬಿದ್ದಿತ್ತು. ಆಮೇಲೆ ಎಲ್ಲರ ಸ್ಲಿಪ್ಪೂ ಅವರ ಮನೆಯ ಕಟ್ಟೆಗೆ ಬಂದವು. ಹೋದವರಿಗೆಲ್ಲ ಕಾಕು ಚಹಾ, ಚುರುಮುರಿ ಕೊಟ್ಟರು. ಮಾತುಕತೆಯ ಮೇಜಿನ ಮೇಲೆ ನಾವಿಟ್ಟ ಮೊದಲ ಕಾಗದ ಕಾಕಾ ಕೈಯಿಂದ ಬರೆದ ಪಟ್ಟಿ.

ಮುದ್ದೇಬಿಹಾಳ ಕಡೆಯ ನಮ್ಮ ತಂಗಿಗೂ ಥ್ಯಾಂಕ್ಸ್. ಹೆರಿಗೆಗೆ ಹೋಗುವುದಿದ್ದರೆ ರಾಜೀನಾಮೆ ಕೊಟ್ಟು ಹೋಗಿ, ಬಂದ ಮೇಲೆ ನೋಡೋಣ ಅಂತ ಅವಳಿಗೆ ಹೇಳಿದ್ದರು. ಹೆರಿಗೆ ಸೌಲಭ್ಯದ ಕಾಯ್ದೆ 1961ರಲ್ಲೇ ಬಂದಿತ್ತು. 2017ರ ತಿದ್ದುಪಡಿಯಲ್ಲಿ ಮೊದಲ ಎರಡು ಹೆರಿಗೆಗೆ 26 ವಾರದ ಸಂಬಳಸಹಿತ ರಜೆ ಆಯಿತು. ಗುತ್ತಿಗೆ ಅಂತ ಅದನ್ನು ತಪ್ಪಿಸುವ ಹಾಗಿಲ್ಲ. ಏಳು ತಿಂಗಳ ಬಸುರಿ ಬಸ್ಸಿನಲ್ಲಿ ವಿಜಯಪುರಕ್ಕೆ ಬಂದು ಸಭೆಯಲ್ಲಿ ಎದ್ದು ನಿಂತಳು. "ವಾರಾ ವಾರಾ ಬಸುರಿಯರಿಗೆ ತಾಯಿ ಕಾರ್ಡ್ ತುಂಬಿ ಕೊಡಾಕಿ ನಾನು. ನನ್ನ ಕಾರ್ಡ್ ತುಂಬೋರು ಯಾರ್ರೀ?" ನಮ್ಮ ವಕೀಲರು ಒಂದು ಪೈಸೆ ಫೀಸು ತೆಗೆದುಕೊಳ್ಳದೆ ವಾದ ಮಾಡಿದರು, ಅವರಿಗೂ ನಮಸ್ಕಾರ. ಆದರೆ ಅವತ್ತಿನ ವಾದ ಅವಳದೇ.

ಮುಷ್ಕರ ಮಾಡುವ ಮುಂಚೆ 14 ದಿನದ ನೋಟಿಸ್ ಕೊಡಬೇಕು, ಕೊಟ್ಟಿದ್ದೆವು. ಸಂಧಾನ ಶುರುವಾದ ಮೇಲೆ ಕೆಲಸ ನಿಲ್ಲಿಸುವ ಹಾಗಿರಲಿಲ್ಲ. ನಿಜ ಹೇಳಬೇಕೆಂದರೆ ಗುರುವಾರದ ಲಸಿಕೆ ನಿಲ್ಲಿಸಲು ನಮಗೆ ಮನಸ್ಸೂ ಇರಲಿಲ್ಲ. ಕಬ್ಬು ಕಡಿಯಲು ಗುಳೆ ಹೋಗುವ ಮನೆಗಳಿವೆ. ಒಂದು ಗುರುವಾರ ತಪ್ಪಿದರೆ ಆ ಮಗು ಮತ್ತೆ ಯಾವಾಗ ಸಿಗುತ್ತದೋ. ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡೇ ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡೆವು. ಸಂಘದೊಳಗೇ ಕೆಲವರು ಮೆತ್ತಗಾದಿರಿ ಅಂದರು. ಅನ್ನಲಿ. ನಾವು ಪಾಳಿ ಪ್ರಕಾರ ಸಭೆಗೆ ಹೋದಾಗ ಮನೆ ಮನೆಗೆ ತಿರುಗಿ ತಾಯಂದಿರನ್ನು ಕರೆತಂದವರು ಆಶಾ ಅಕ್ಕಂದಿರು. ಅವರದ್ದು ಗೌರವಧನ, ಪ್ರೋತ್ಸಾಹಧನದ ಮೇಲೆ ನಡೆಯುವ ಬದುಕು, ನಮಗಿಂತ ಕಷ್ಟದ್ದು. ಅವರು ಕರೆದ ದಿನ ನಾವು ಹೋಗಲೇಬೇಕು.

ಸಿಕ್ಕಿದ್ದೇನು? ಮಾಲೀಕರ ಪಿಎಫ್ ಪಾಲು ಇನ್ನು ಅವರೇ ಕಟ್ಟುತ್ತಾರೆ. ಹೆರಿಗೆ ರಜೆ ಬರವಣಿಗೆಯಲ್ಲಿ ಬಂತು. ಸಂಬಳ 7ನೇ ತಾರೀಖಿನೊಳಗೆ. ಮಾರ್ಚ್ ಕೊನೆಯಲ್ಲಿ ಒಂದು ದಿನ ಬ್ರೇಕ್ ತೋರಿಸಿ ಸರ್ವಿಸ್ ತುಂಡು ಮಾಡುವ ಆಟ ನಿಂತಿತು. ಸಂಬಳ ಹೆಚ್ಚಳ ಕೇಳಿದ್ದಕ್ಕಿಂತ ಕಡಿಮೆ. ಕಾಯಂ ಮಾಡುವ ಮಾತು ಇದರಲ್ಲಿ ಇಲ್ಲ, ಅದು ಏಜೆನ್ಸಿಯ ಕೈಯಲ್ಲೂ ಇಲ್ಲ.

ಸಂಧಾನದಲ್ಲಿ ಆದ ಒಪ್ಪಂದ ಸಂಘಕ್ಕೆ ಸೇರದವರಿಗೂ ಅನ್ವಯಿಸುತ್ತದೆ. "ನಮಗ್ಯಾಕ ಬೇಕು ಉಸಾಬರಿ" ಅಂತ ದೂರ ನಿಂತ ಗೆಳತಿಯರೇ, ನಿಮಗೂ ಬರುತ್ತದೆ. ವಂತಿಗೆ ಕೊಟ್ಟರೆ ಬೇಡ ಅನ್ನುವುದಿಲ್ಲ.

ಬೆಳಗಿನ ಬಸ್ಸಿಗೆ ಮುಂಚೆ ರೊಟ್ಟಿ ಬಡಿದು ಬುತ್ತಿ ಕಟ್ಟಿಕೊಟ್ಟ ನಮ್ಮ ಅತ್ತೆಯರಿಗೂ, ಮಕ್ಕಳನ್ನು ನೋಡಿಕೊಂಡ ಯಜಮಾನರಿಗೂ ಶರಣು.

ಹಳೆಯ ಬಾಕಿ ಕಂತಿನಲ್ಲಿ ಬರಲಿದೆ. ಉಮಂಗ್ ಆ್ಯಪಿನಲ್ಲಿ ಪಿಎಫ್ ಪಾಸ್‌ಬುಕ್ ನೋಡಿ, ಸ್ಲಿಪ್ ಜೊತೆ ತಾಳೆ ಹಾಕಿ. ಹೊಂದಿಕೆಯಾಗದಿದ್ದರೆ ಕಾಕಾನ ಮನೆಗೆ ಹೋಗಬೇಡಿ, ಮೊನ್ನೆಯಷ್ಟೇ ಅವರ ಕಣ್ಣಿನ ಆಪರೇಷನ್ ಆಗಿದೆ. ಸ್ಲಿಪ್ಪಿನ ಫೋಟೋ ನನಗೆ ಕಳಿಸಿ.