ಮರುಭೂಮಿಯ ಗಿಟಾರಿಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಆಸ್ಟ್ರೇಲಿಯಾದ ಮೂಲನಿವಾಸಿಗಳ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರಹ ಬರುವುದೇ ಅಪರೂಪ. ಬಂದರೂ ಚಿತ್ರ ಮಾತ್ರ ಅದೇ: ಮೈಗೆ ಬಿಳಿ ಬಣ್ಣ ಬಳಿದುಕೊಂಡು ಡಿಜೆರಿಡೂ ಎಂಬ ಉದ್ದನೆಯ ಮರದ ಕೊಳವೆ ಊದುವ ಮನುಷ್ಯ. ಡಿಜೆರಿಡೂ ಆ ದೇಶದ ಉತ್ತರ ಭಾಗದವರ ವಾದ್ಯ. ನಡುವಿನ ಮರುಭೂಮಿಯ ಜನ ಹಿಂದಿನಿಂದಲೂ ಕೋಲು ತಟ್ಟಿ ಹಾಡಿದವರು. ಆಮೇಲೆ ಅವರ ಕೈಗೆ ಗಿಟಾರ್ ಬಂತು. ಅವರು ಮನಸಾರೆ ಹಚ್ಚಿಕೊಂಡದ್ದು ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿದ ‘ಕಂಟ್ರಿ’ ಸಂಗೀತವನ್ನು. ಇದರ ಬಗ್ಗೆ ಕನ್ನಡದಲ್ಲಿ ಯಾರೂ ಬರೆಯುವುದಿಲ್ಲ ಎಂಬುದೇ ನನ್ನ ಬೇಸರ.

ಕಂಟ್ರಿಯೇ ಯಾಕೆ? ಆ ಕಡೆಯ ದೊಡ್ಡ ದೊಡ್ಡ ದನದ ಫಾರ್ಮ್‌ಗಳು ನಡೆದದ್ದೇ ಇವರ ದುಡಿಮೆಯಿಂದ. ಕುದುರೆ ಹತ್ತಿ ದನದ ಹಿಂಡು ಹೊಡೆದುಕೊಂಡು ಹೋಗುತ್ತಿದ್ದವರು ಇವರು. ಕೂಲಿ ಅಂತ ಎಷ್ಟೋ ಕಡೆ ಸಿಗುತ್ತಿದ್ದದ್ದು ಹಿಟ್ಟು, ಸಕ್ಕರೆ, ಚಹಾಪುಡಿ, ಒಂದಿಷ್ಟು ಚಿಲ್ಲರೆ ಕಾಸು. ಬಿಳಿಯರಷ್ಟೇ ಕೂಲಿ ಕೊಡಬೇಕು ಎಂಬ ತೀರ್ಪು ಬಂದದ್ದು 1966ರಲ್ಲಿ. ಅದು ಜಾರಿಯಾಗಲು 1968ರ ಕೊನೆಯವರೆಗೂ ಕಾಯಬೇಕಾಯಿತು. ಆಗ ಎಷ್ಟೋ ಮಾಲೀಕರು ಇವರನ್ನು ಕೆಲಸದಿಂದಲೇ ತೆಗೆದರು. ಕೆಲಸದ ಜೊತೆ ಅಜ್ಜ-ಮುತ್ತಜ್ಜಂದಿರ ನೆಲವೂ ಹೋಯಿತು. ಕುದುರೆ, ಧೂಳು, ಜೈಲು, ಬಿಟ್ಟುಬಂದ ಊರು, ಅಗಲಿದ ತಾಯಿ. ಕಂಟ್ರಿ ಹಾಡುಗಳಲ್ಲಿ ಬರುವುದೆಲ್ಲ ಇವರ ಬದುಕಿನಲ್ಲೇ ಇತ್ತು, ಅಲ್ವಾ?

ಆ ಮರುಭೂಮಿಯ ಗಾಯಕ ಐಸಾಕ್ ಯಮ್ಮಾ ಮತ್ತು ಅವರ ಪಿಟ್ಜಂಟ್ಜಾರ ಕಂಟ್ರಿ ಬ್ಯಾಂಡ್ ನನಗೆ ದೊಡ್ಡದಾಗಿ ಕಾಣುವುದು ಇಲ್ಲೇ. ಕಂಟ್ರಿ ಅಂದರೆ ಇಂಗ್ಲಿಷ್ ಎಂದು ಎಲ್ಲರೂ ಅಂದುಕೊಂಡಿದ್ದ ಕಾಲದಲ್ಲಿ ಅವರು ತಮ್ಮ ಪಿಟ್ಜಂಟ್ಜಾರ ಭಾಷೆಯಲ್ಲಿ ಹಾಡಿದರು. ಇವತ್ತಿಗೂ ಆ ಭಾಷೆ ಆಡುವವರು ಕೆಲವೇ ಸಾವಿರ ಜನ. ಅವರ ಹಾಡುಗಳು ಕ್ಯಾಸೆಟ್ ಆಗಿ ಬಂದದ್ದು ‘ಕಾಮಾ’ದಿಂದ. ಅದು 1980ರಲ್ಲಿ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ಶುರುವಾದ ಮೂಲನಿವಾಸಿಗಳ ಮಾಧ್ಯಮ ಸಂಸ್ಥೆ. 1985ರಲ್ಲಿ ಅದಕ್ಕೆ ಸ್ವಂತ ರೇಡಿಯೊ ಕೇಂದ್ರವೂ ಬಂತು. ಊರಿಂದ ಊರಿಗೆ ನೂರಾರು ಕಿಲೋಮೀಟರ್ ಇರುವ ಆ ಸೀಮೆಯಲ್ಲಿ ತಮ್ಮದೇ ಮಾತು ಗಿಟಾರಿನ ಜೊತೆ ಟೇಪಿನಲ್ಲಿ ಕೇಳಿಸಿತು ಅಂದರೆ ಸಣ್ಣ ಸಂಗತಿಯಲ್ಲ. ಮಗ ಫ್ರ್ಯಾಂಕ್ ಯಮ್ಮಾ ಇಂದು ದೊಡ್ಡ ಹೆಸರಿನ ಗಾಯಕ. ಅವರೂ ತಂದೆಯ ಭಾಷೆಯನ್ನು ಬಿಟ್ಟಿಲ್ಲ.

ಅದೇ ಸೀಮೆಯ ಹರ್ಮನ್ಸ್‌ಬರ್ಗ್‌ನ ಕಂಟ್ರಿ ಗಾಯಕ ಗಸ್ ವಿಲಿಯಮ್ಸ್ ಅವರನ್ನೂ ನೆನೆಯಬೇಕು. 1877ರಲ್ಲಿ ಲುಥೆರನ್ ಪಂಥದ ಕ್ರೈಸ್ತ ಮಿಷನ್ ಆಗಿ ಹುಟ್ಟಿದ ಊರು ಅದು. ಚರ್ಚಿನ ಗುಂಪುಹಾಡು ಅಲ್ಲಿ ಮನೆಮನೆಯ ಅಭ್ಯಾಸ. ಅಲ್ಲಿಂದಲೇ ಅವರ ‘ಕಂಟ್ರಿ ಎಬೊನಿ’ ತಂಡ ಬಂತು.

ಇದೆಲ್ಲ ಸುಮ್ನೆ ಅಮೆರಿಕದ ಸಂಗೀತದ ನಕಲು ಎನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಕಛೇರಿಗಳ ಪಿಟೀಲು ಯುರೋಪಿನಿಂದ ಬಂದದ್ದು. ಅದು ಪರಕೀಯ ಎಂದು ಇವತ್ತು ಯಾರು ಹೇಳುತ್ತಾರೆ?

2022ರಿಂದ 2032ರವರೆಗೆ ವಿಶ್ವಸಂಸ್ಥೆ ಮೂಲನಿವಾಸಿ ಭಾಷೆಗಳ ದಶಕ ಆಚರಿಸುತ್ತಿದೆ. ನಿಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಈ ಹಾಡುಗಾರರಿಗೆ ಒಂದು ಪುಟ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ಒಂದು ವಿನಂತಿ ಕೂಡ ಇದೆ. ತೀರಿಕೊಂಡವರ ಹೆಸರು, ಫೋಟೊ ದಿಢೀರನೆ ಎದುರಾದರೆ ಆ ಸಮುದಾಯದ ಅನೇಕರಿಗೆ ನೋವಾಗುತ್ತದೆ. ಅದಕ್ಕೇ ಆಸ್ಟ್ರೇಲಿಯಾದ ಮಾಧ್ಯಮಗಳು ಅಂಥ ಬರಹದ ಮೇಲೆ ಮೊದಲೇ ಒಂದು ಸೂಚನೆ ಹಾಕುತ್ತವೆ. ಐಸಾಕ್, ಗಸ್ ಇಬ್ಬರೂ ಈಗಿಲ್ಲ. ಅವರ ಫೋಟೊ ಹಾಕುವುದಾದರೆ ದಯವಿಟ್ಟು ನೀವೂ ಆ ಸೂಚನೆ ಹಾಕಿ.

– ನಿಮ್ಮ ಓದುಗ, ಶಿವಮೊಗ್ಗ