ನಿದ್ದೆ ಬಾರದ ರಾತ್ರಿಗಳ ಬಗ್ಗೆ, ಮಗಳಿಗೆ

ಪ್ರೀತಿಯ ಪುಟ್ಟಿ,

"ಎಲ್ಲರಿಗೂ ಸುಲಭವಾಗಿ ಬರೋ ನಿದ್ದೆಯೂ ನನಗೆ ಬರಲ್ಲ ಅಂದ್ರೆ, ನಾನು ಇನ್ಯಾವುದಕ್ಕೆ ಆಗ್ತೀನಿ ಅಮ್ಮಾ?" ಅಂತ ಕೇಳಿದೆಯಲ್ಲ, ಅದಕ್ಕೆ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಲು ಮನಸ್ಸು ಬರಲಿಲ್ಲ. ಅದಕ್ಕೇ ಈ ಪತ್ರ.

ನಿದ್ದೆ ಕೆಡುವುದು ನಿನ್ನ ಸೋಲಲ್ಲ. ನಿನಗಿರುವ ಬೈಪೋಲಾರ್ ಕಾಯಿಲೆಯಲ್ಲಿ ಮನಸ್ಸು ವಿಪರೀತ ಏರಿದಾಗಲೂ ನಿದ್ದೆ ಕೆಡುತ್ತದೆ, ಕುಗ್ಗಿದಾಗಲೂ ಕೆಡುತ್ತದೆ. ಎರಡೂ ಇಲ್ಲದ ಒಳ್ಳೆಯ ದಿನಗಳಲ್ಲೂ ಎಷ್ಟೋ ಜನರಿಗೆ ಸರಿಯಾಗಿ ಬರುವುದಿಲ್ಲ. "ಯೋಚನೆ ಬಿಟ್ಟು ಸುಮ್ನೆ ಮಲಗು" ಅನ್ನುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಬಿಡಲು ಆಗುವಂತಿದ್ದರೆ ನೀನು ಯಾವತ್ತೋ ಬಿಡುತ್ತಿದ್ದೆ.

ಆದರೆ ನಿದ್ದೆಗೆಟ್ಟ ರಾತ್ರಿಗಳಲ್ಲಿ ಎರಡು ತರಹ ಇವೆ. ಇದೊಂದನ್ನು ನೀನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು.

ಒಂದರಲ್ಲಿ ಮೈ ದಣಿದಿರುತ್ತದೆ, ಕಣ್ಣು ಉರಿಯುತ್ತದೆ, ನಿದ್ದೆ ಬೇಕು ಬೇಕು ಅನಿಸುತ್ತದೆ, ಆದರೆ ಬರುವುದಿಲ್ಲ. ಇನ್ನೊಂದರಲ್ಲಿ ನಿದ್ದೆ ಬೇಕು ಅಂತಲೇ ಅನಿಸುವುದಿಲ್ಲ. ಆ ಸಲ ನಾನು ನಸುಕಿನಲ್ಲಿ ಎದ್ದು ಬಂದಾಗ ನೀನು ಕಪಾಟಿನ ಪುಸ್ತಕಗಳನ್ನೆಲ್ಲ ನೆಲಕ್ಕೆ ಹರವಿ, ಬಣ್ಣದ ಪ್ರಕಾರ ಜೋಡಿಸುತ್ತಿದ್ದೆ. ಮುಖದಲ್ಲಿ ಆಯಾಸದ ಸುಳಿವೇ ಇರಲಿಲ್ಲ. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಶುರು. ಎರಡು ಮೂರು ಗಂಟೆ ಮಲಗಿಯೂ ದಿನವಿಡೀ ಹಾಗೆ ಹುರುಪು ಇದ್ದರೆ ಅದು ಮೇನಿಯಾ, ಅಂದರೆ ಮನಸ್ಸು ಮಿತಿಮೀರಿ ಏರುವ ಸ್ಥಿತಿ, ಶುರುವಾಗುತ್ತಿರುವ ಸೂಚನೆ ಇರಬಹುದು. ನಿದ್ದೆಗೆಟ್ಟರೇ ಮೇನಿಯಾ ಏಳುವುದೂ ಉಂಟು, ಅಂದರೆ ಒಂದು ಇನ್ನೊಂದನ್ನು ಎಳೆಯುತ್ತಾ ಹೋಗುತ್ತದೆ. ಅಂಥ ರಾತ್ರಿ ಕಳೆದರೆ "ನಾಳೆ ನೋಡೋಣ" ಬೇಡ, ಬೆಳಿಗ್ಗೆಯೇ ಡಾಕ್ಟರಿಗೆ ಫೋನ್ ಮಾಡು. ನಿನಗೆ ಆಗ ಎಲ್ಲ ಚೆನ್ನಾಗಿದೆ ಅಂತಲೇ ಅನಿಸಬಹುದು, ಹಾಗಾಗಿ ನನಗೂ ಹೇಳು.

ಮೊದಲ ತರಹದ ರಾತ್ರಿಗೆ ಜಗಳ ಬೇಡ. ಗಡಿಯಾರವನ್ನು ಗೋಡೆಗೆ ತಿರುಗಿಸಿಡು. ಸುಮಾರು ಇಪ್ಪತ್ತು ನಿಮಿಷ ಆಯಿತು, ಇನ್ನೂ ಬರಲಿಲ್ಲ ಅನಿಸಿದರೆ ಎದ್ದು ಬೇರೆ ಕಡೆ ಕೂತುಕೋ. ಮಂದ ಬೆಳಕು ಇರಲಿ, ಮನಸ್ಸನ್ನು ಕೆರಳಿಸದ ಏನಾದರೂ ಓದು. ತೂಕಡಿಕೆ ಬಂದ ಮೇಲೆ ವಾಪಸ್ ಹೋಗು. ಹಾಸಿಗೆ ಅಂದರೆ ಹೊರಳಾಡುವ ಜಾಗ ಅಂತ ಮೆದುಳು ಕಲಿತುಬಿಡುತ್ತದೆ, ಆ ಪಾಠವನ್ನು ನಿಧಾನಕ್ಕೆ ಮರೆಸಬೇಕು. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಹೊತ್ತು ಮಾತ್ರ ಒಂದೇ ಇರಲಿ. ಎದ್ದ ಕೂಡಲೇ ಹೊರಗಿನ ಬೆಳಕಿಗೆ ಬಾ, ಮೈಯೊಳಗಿನ ಗಡಿಯಾರ ಸರಿಹೋಗುವುದು ಮುಖ್ಯವಾಗಿ ಅದರಿಂದಲೇ. ಕಾಫಿ ಮಧ್ಯಾಹ್ನದ ಮೇಲೆ ಬೇಡ. ಕುಡಿದು ಐದಾರು ಗಂಟೆಯಾದರೂ ಅದರ ಕೆಫೀನಿನಲ್ಲಿ ಹೆಚ್ಚುಕಡಿಮೆ ಅರ್ಧ ಮೈಯಲ್ಲೇ ಇರುತ್ತದೆ.

ಇಲ್ಲೊಂದು ಎಚ್ಚರಿಕೆ. ಹಾಸಿಗೆಯಲ್ಲಿರುವ ಸಮಯವನ್ನೇ ಕಡಿಮೆ ಮಾಡಿ ನಿದ್ದೆ ಗಟ್ಟಿ ಮಾಡುವ ಒಂದು ಚಿಕಿತ್ಸೆ ಇದೆ. ಬೇರೆಯವರಿಗೆ ಅದರಿಂದ ಒಳ್ಳೆಯದಾಗಿದೆ ಅಂತ ಕೇಳಿ ನೀನೇ ಶುರು ಮಾಡಬೇಡ. ನಿನ್ನ ಕಾಯಿಲೆಯಲ್ಲಿ ನಿದ್ದೆ ಕತ್ತರಿಸುವುದು ಅಪಾಯ, ಡಾಕ್ಟರು ನೋಡಿಕೊಂಡೇ ಮಾಡಿಸಬೇಕು. ಮಾತ್ರೆಯೂ ಅಷ್ಟೇ. ಮಲಗುವ ಹೊತ್ತಿಗೆ ಒಂದು ಜಾಸ್ತಿ ನುಂಗುವುದೂ ಬೇಡ, ಬೇಸರ ಬಂತು ಅಂತ ಒಮ್ಮೆಲೇ ನಿಲ್ಲಿಸುವುದೂ ಬೇಡ. ಕೆಲವು ನಿದ್ದೆ ಮಾತ್ರೆ ದಿಢೀರ್ ನಿಲ್ಲಿಸಿದರೆ ಮೊದಲಿಗಿಂತ ಕೆಟ್ಟ ರಾತ್ರಿಗಳು ಬರುತ್ತವೆ. ಒಂದು ಔಷಧವೇ ನಿದ್ದೆ ಕೆಡಿಸುತ್ತಿರಬಹುದು ಅನಿಸಿದರೆ ಬಾಯಿಬಿಟ್ಟು ಕೇಳು. ತೆಗೆದುಕೊಳ್ಳುವ ಹೊತ್ತು ಬದಲಿಸಿದರೇ ಕೆಲವೊಮ್ಮೆ ಸಾಕಾಗುತ್ತದೆ.

ರಾತ್ರಿ ಮೂರು ಗಂಟೆಗೆ ನಿನ್ನ ಬಗ್ಗೆ ನಿನಗೆ ಅನಿಸುವುದನ್ನೆಲ್ಲ ನಿಜ ಅಂತ ತಿಳಿಯಬೇಡ. ನಿದ್ದೆಯಿಲ್ಲದ ತಲೆ ಎಲ್ಲವನ್ನೂ ಕಪ್ಪಾಗಿ ಕಾಣಿಸುತ್ತದೆ. ಆ ಹೊತ್ತಿಗೆ ಯಾವ ದೊಡ್ಡ ತೀರ್ಮಾನವೂ ಬೇಡ. ಬದುಕೇ ಬೇಡ ಅನ್ನುವ ಯೋಚನೆ ಒಮ್ಮೆ ಸುಳಿದರೂ ಸಾಕು, ನನಗೆ ಫೋನ್ ಮಾಡು. "ಅಮ್ಮ ಮಲಗಿರ್ತಾಳೆ" ಅಂತ ಹಿಂಜರಿಯಬೇಡ. ನನ್ನ ಫೋನಿನ ರಿಂಗ್ ಜೋರಾಗಿಯೇ ಇದೆ, ತಲೆದಿಂಬಿನ ಪಕ್ಕದಲ್ಲೇ ಇದೆ. ನಾನು ಸಿಗದಿದ್ದರೆ ತುರ್ತು ಚಿಕಿತ್ಸೆಗೆ ಹೋಗು, ಒಬ್ಬಳೇ ಕೂರಬೇಡ.

ಒಂದು ಸಣ್ಣ ಕೆಲಸ ಶುರು ಮಾಡು. ಎಷ್ಟು ಹೊತ್ತಿಗೆ ಮಲಗಿದೆ, ಅಂದಾಜು ಎಷ್ಟು ನಿದ್ದೆ ಬಂತು, ಬೆಳಿಗ್ಗೆ ಮನಸ್ಸು ಹೇಗಿತ್ತು ಅಂತ ದಿನಕ್ಕೊಂದು ಸಾಲು ಬರೆದಿಡು. ನಿಮಿಷದ ಲೆಕ್ಕ ಬೇಡ, ಬರೆಯದೆ ಬಿಟ್ಟ ದಿನಕ್ಕೆ ಬೇಸರವೂ ಬೇಡ. ಡಾಕ್ಟರ ಹತ್ತಿರ ಹೋಗುವಾಗ ಅದನ್ನು ಒಯ್ಯು. ಅಲ್ಲಿ ಕೂತಾಗ ಎಲ್ಲ ಮರೆತುಹೋಗುತ್ತದೆ ಅಂತಿದ್ದೆಯಲ್ವಾ? ನಾನು ಜೊತೆಗೆ ಬರಬೇಕಾ ಅಂತ ನೀನೇ ಹೇಳು. ಬೇಕಂದರೆ ಒಳಗೆ ಬರುತ್ತೇನೆ, ಬೇಡ ಅಂದರೆ ಹೊರಗೆ ಕೂತಿರುತ್ತೇನೆ.

ನಿನ್ನ
ಅಮ್ಮ